ರಿಪೋರ್ಟ್ ಒತ್ತಿದ್ದಾಯಿತು, ಈಗ ಅರ್ಜಿ ಬರೆಯಿರಿ

22 ವರ್ಷದಿಂದ ಅರ್ಜಿ ಬರೆಯುವುದೇ ನನ್ನ ಕೆಲಸ. ತಾಲ್ಲೂಕು ಕಚೇರಿ ಕಾಂಪೌಂಡಿನ ಪಕ್ಕ ಒಂದು ಮೇಜು. ಮೊದಲು ಅದರ ಮೇಲೆ ಟೈಪ್‌ರೈಟರ್ ಇತ್ತು, ಈಗ ಲ್ಯಾಪ್‌ಟಾಪ್ ಇದೆ. ಖಾತೆ ಬದಲಾವಣೆ, ವಿಧವಾ ವೇತನ, ಪಹಣಿಯಲ್ಲಿ ತಪ್ಪಾದ ಹೆಸರು, ಇವೇ ಜಾಸ್ತಿ. ಆದರೆ ಈ ನಾಲ್ಕೈದು ವರ್ಷದಿಂದ ಇನ್ನೊಂದು ಬಗೆಯ ಜನ ಬರುತ್ತಿದ್ದಾರೆ. "ಅಕ್ಕಾ, ನನ್ನ ಫೋಟೋ ಹಾಕಿ ಯಾರೋ ನಕಲಿ ಅಕೌಂಟ್ ಮಾಡಿದ್ದಾರೆ." "ಮೇಡಂ, ನನ್ನ ಪೇಜ್ ಬಂದ್ ಮಾಡಿದ್ದಾರೆ, ಯಾಕೆ ಅಂತ ಹೇಳ್ತಿಲ್ಲ." ಕಂಪನಿಗೆ ಬರೆದಿದ್ದೀರಾ ಅಂತ ಕೇಳಿದರೆ ಎಲ್ಲರದೂ ಒಂದೇ ಉತ್ತರ: "ರಿಪೋರ್ಟ್ ಒತ್ತಿದ್ದೀವಿ."

ರಿಪೋರ್ಟ್ ಒತ್ತುವುದು ಬೇರೆ, ದೂರು ಕೊಡುವುದು ಬೇರೆ. ಬಟನ್ ಒತ್ತಿದರೆ ಕಂಪನಿ ತನ್ನದೇ ನಿಯಮ ಇಟ್ಟುಕೊಂಡು ನೋಡುತ್ತದೆ. ಕುಂದುಕೊರತೆ ಅಧಿಕಾರಿಗೆ, ಅಂದರೆ ಗ್ರೀವೆನ್ಸ್ ಆಫೀಸರ್‌ಗೆ ಬರೆದರೆ ನಮ್ಮ ದೇಶದ ಕಾನೂನಿನ ಗಡುವು ಶುರುವಾಗುತ್ತದೆ. ಇದನ್ನು ನಾನು ಕಲಿತದ್ದು ನನ್ನ ತಂಗಿ ಮಗಳಿಂದ.

2023ರ ಜುಲೈ. ಹುಡುಗಿಗೆ ಆಗ 19. ಯಾವುದೋ ಮದುವೆಯಲ್ಲಿ ತೆಗೆದ ಅವಳ ಫೋಟೋ ಹಾಕಿ, ಅವಳದೇ ಹೆಸರಿನಲ್ಲಿ ಯಾರೋ ಒಂದು ಖಾತೆ ತೆರೆದಿದ್ದರು. ಪರಿಚಯದ ಜಾಗದಲ್ಲಿ ಅವಳ ಮೊಬೈಲ್ ನಂಬರ್. ರಾತ್ರಿಯೆಲ್ಲಾ ಕರೆಗಳು. ಗೆಳತಿಯರು, ಅಣ್ಣ, ಅಪ್ಪ ಸೇರಿ 14 ಜನ ರಿಪೋರ್ಟ್ ಒತ್ತಿದರು. ಎರಡು ದಿನ ಬಿಟ್ಟು ಒಂದೇ ಸಾಲಿನ ಉತ್ತರ ಬಂತು: ಈ ಖಾತೆ ನಮ್ಮ ಮಾನದಂಡಗಳಿಗೆ ವಿರುದ್ಧವಾಗಿಲ್ಲ. "ಬಿಡಿ ದೊಡ್ಡಮ್ಮ, ನಂಬರ್ ಬದಲಾಯಿಸ್ತೀನಿ, ಕಾಲೇಜಿಗೂ ಹೋಗಲ್ಲ" ಅಂದಳು. ನನಗೆ ಹೊಟ್ಟೆಯೊಳಗೆ ಬೆಂಕಿ ಬಿದ್ದ ಹಾಗಾಯಿತು. ಆ ರಾತ್ರಿ ಕೂತು ನಿಯಮ ಓದಿದೆ. 9.40ಕ್ಕೆ ಅಧಿಕಾರಿಗೆ ಮೇಲ್ ಕಳಿಸಿದೆ. ಬೆಳಿಗ್ಗೆ ಸ್ವೀಕೃತಿ ಬಂತು. ಸಂಜೆಯೊಳಗೆ ಖಾತೆ ಇರಲಿಲ್ಲ.

ಅದೇ ಕಂಪನಿ, ಅದೇ ಖಾತೆ. ಬದಲಾದದ್ದು ಬರೆದ ರೀತಿ ಮತ್ತು ಬರೆದ ವಿಳಾಸ, ಅಷ್ಟೇ.

ಕಂಪನಿ ಯಾಕೆ ಉತ್ತರ ಕೊಡಬೇಕು

ನಾವು ಬರೆದದ್ದಕ್ಕೆ ಕಂಪನಿ ಹೊಣೆಯಲ್ಲ ಅನ್ನುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 79. ಯಾರೋ ಹಾಕಿದ ಸುಳ್ಳಿಗೆ, ಬೈಗುಳಕ್ಕೆ ವೇದಿಕೆಯನ್ನು ಹಿಡಿದು ಶಿಕ್ಷಿಸುವ ಹಾಗಿಲ್ಲ. ಇದು ಕಂಪನಿಗಳ ತಲೆ ಮೇಲಿನ ಕೊಡೆ. ಆದರೆ ಕೊಡೆ ಬಿಟ್ಟಿ ಸಿಗುವುದಿಲ್ಲ, ಅದಕ್ಕೆ ಷರತ್ತುಗಳಿವೆ. ಆ ಷರತ್ತುಗಳೇ 2021ರ ಫೆಬ್ರವರಿ 25ರಂದು ಬಂದ ಐಟಿ ನಿಯಮಗಳು. ಅವನ್ನು ಪಾಲಿಸದಿದ್ದರೆ ಕೊಡೆ ಹೋಗುತ್ತದೆ ಅಂತ ನಿಯಮ 7 ಹೇಳುತ್ತದೆ. ನಿಮ್ಮ ಅರ್ಜಿಗೆ ಬಲ ಬರುವುದು ಅಲ್ಲಿಂದ.

ಆ ನಿಯಮಗಳಲ್ಲಿ ನಮ್ಮಂಥವರಿಗೆ ಮುಖ್ಯವಾದದ್ದು ನಿಯಮ 3(2). ದೂರು ಬಂದ 24 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು. ಮೊದಲು 15 ದಿನದಲ್ಲಿ ಇತ್ಯರ್ಥ ಮಾಡಬೇಕಿತ್ತು, 2026ರ ಫೆಬ್ರವರಿಯ ತಿದ್ದುಪಡಿ ಅದನ್ನು 7 ದಿನಕ್ಕೆ ಇಳಿಸಿದೆ. ಅದರ ಒಳಗೇ 3(2)(ಬಿ) ಅಂತ ಒಂದು ಭಾಗವಿದೆ. ಅದನ್ನು ಬಾಯಿಪಾಠ ಮಾಡಿಕೊಳ್ಳಿ. ಯಾರದಾದರೂ ಖಾಸಗಿ ಅಂಗ ಅಥವಾ ನಗ್ನತೆ ತೋರಿಸುವ ಚಿತ್ರ, ಲೈಂಗಿಕ ದೃಶ್ಯ, ಬೇರೆಯವರ ಸೋಗು ಹಾಕಿದ ಖಾತೆ, ಮಾರ್ಫ್ ಮಾಡಿದ ಫೋಟೋ, ಇವೆಲ್ಲ ಅದರಡಿ ಬರುತ್ತವೆ. ನನ್ನ ತಂಗಿ ಮಗಳ ಕಾಲಕ್ಕೆ ಇದಕ್ಕೆ 24 ಗಂಟೆ ಗಡುವಿತ್ತು, ಈಗ 2 ಗಂಟೆ. ದೂರನ್ನು ನೊಂದವರೇ ಕೊಡಬೇಕೆಂದಿಲ್ಲ, ಅವರ ಪರವಾಗಿ ಯಾರು ಬೇಕಾದರೂ ಕೊಡಬಹುದು. ಹೆದರಿ ಕೂತ ಹುಡುಗಿಗೆ ಇದು ಎಷ್ಟು ದೊಡ್ಡ ಆಸರೆ ಅಂತ ನಾನು ಕಣ್ಣಾರೆ ಕಂಡಿದ್ದೇನೆ.

ಮೊದಲು ಸಾಕ್ಷಿ, ಆಮೇಲೆ ಸಿಟ್ಟು

ಕಂಡ ಕೂಡಲೇ ಆ ಖಾತೆಗೆ ಬೈದು ಮೆಸೇಜ್ ಹಾಕಬೇಡಿ. ಬ್ಲಾಕ್ ಕೂಡ ಮಾಡಬೇಡಿ. ಆ ಕಡೆಯವನು ಹೆಸರು ಬದಲಾಯಿಸಿಬಿಟ್ಟರೆ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಬೇಕಾಗಿರುವುದು ಲಿಂಕ್. ಖಾತೆಯ ಲಿಂಕ್ ಬೇರೆ, ಪ್ರತಿ ಪೋಸ್ಟಿನ ಲಿಂಕ್ ಬೇರೆ. ಮೂರು ಚುಕ್ಕೆ ಅಥವಾ ಶೇರ್ ಒತ್ತಿದರೆ ಲಿಂಕ್ ಕಾಪಿ ಮಾಡುವ ಆಯ್ಕೆ ಸಿಗುತ್ತದೆ. "ರಮ್ಯಾ ಅಂತ ಇದೆ ನೋಡಿ" ಅಂತ ಬರೆದರೆ ಅಧಿಕಾರಿಗೆ ಸಾವಿರಾರು ರಮ್ಯಾಗಳು ಸಿಗುತ್ತಾರೆ, ಅಲ್ವಾ? ಆಮೇಲೆ ಸ್ಕ್ರೀನ್‌ಶಾಟ್. ಪೂರ್ತಿ ಪರದೆ ತೆಗೆಯಿರಿ, ಮೇಲಿನ ಗಂಟೆಯೂ ಕಾಣಲಿ. ಕತ್ತರಿಸಬೇಡಿ, ಮೇಲೆ ಕೆಂಪು ಗೆರೆ ಎಳೆಯಬೇಡಿ. ಗೆರೆ ಬೇಕೇಬೇಕು ಅನಿಸಿದರೆ ಇನ್ನೊಂದು ಪ್ರತಿ ಮಾಡಿಕೊಂಡು ಎಳೆಯಿರಿ. ಸ್ಕ್ರೀನ್ ರೆಕಾರ್ಡ್ ಮಾಡಲು ಬಂದರೆ ಇನ್ನೂ ಒಳ್ಳೆಯದು: ಲಿಂಕ್ ತೆರೆಯುವಲ್ಲಿಂದ ಶುರು ಮಾಡಿ ಖಾತೆಯ ಪುಟ ಪೂರ್ತಿ ಇಳಿಯುವವರೆಗೆ. ಮೆಸೇಜಿಂಗ್ ಆ್ಯಪ್ ಆದರೆ ಕಳಿಸಿದ ನಂಬರ್, ಗುಂಪಿನ ಹೆಸರು, ದಿನಾಂಕ ಬರೆದಿಡಿ. ಮುಂದೆ ಕೋರ್ಟ್ ತನಕ ಹೋದರೆ ಎಲೆಕ್ಟ್ರಾನಿಕ್ ಸಾಕ್ಷಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಬೇಕು. ಆಗ ಮೂಲ ಫೋನ್ ಕೇಳುತ್ತಾರೆ. ಅದನ್ನು ಫಾರ್ಮ್ಯಾಟ್ ಮಾಡಬೇಡಿ, ಮಾರಬೇಡಿ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಚಿತ್ರದಲ್ಲಿ ಇರುವುದು 18 ತುಂಬದ ಮಗುವಾಗಿದ್ದು, ಅದು ಲೈಂಗಿಕ ಚಿತ್ರವಾಗಿದ್ದರೆ, ಸ್ಕ್ರೀನ್‌ಶಾಟ್ ಬೇಡ. ಇಟ್ಟುಕೊಳ್ಳುವುದೇ ಅಪರಾಧವಾಗಬಹುದು. ಲಿಂಕ್ ಮಾತ್ರ ಒಂದು ಹಾಳೆ ಮೇಲೆ ಬರೆದುಕೊಂಡು ಸೀದಾ ಪೊಲೀಸರ ಹತ್ತಿರ ಹೋಗಿ. ದೊಡ್ಡವರ ಖಾಸಗಿ ಚಿತ್ರವಾದರೂ ಅಷ್ಟೇ, "ಸಾಕ್ಷಿಗೆ" ಅಂತ ಮನೆಯವರ ಗುಂಪಿಗೆ ಹಾಕಬೇಡಿ. ಒಬ್ಬ ಅಣ್ಣ ಹಾಗೆ ಹಾಕಿದ್ದ. ಪಾಪ, ಅವನ ಉದ್ದೇಶ ಒಳ್ಳೆಯದೇ. ಆದರೆ ತಂಗಿ ಆಮೇಲೆ ಅವನ ಮುಖ ನೋಡಲಿಲ್ಲ.

ಅಧಿಕಾರಿ ಎಲ್ಲಿದ್ದಾರೆ

ಭಾರತದಲ್ಲಿ 50 ಲಕ್ಷಕ್ಕಿಂತ ಜಾಸ್ತಿ ನೋಂದಾಯಿತ ಬಳಕೆದಾರರು ಇರುವ ಸೋಷಿಯಲ್ ಮೀಡಿಯಾ ಕಂಪನಿ ಇಲ್ಲೇ ವಾಸವಿರುವ ಕುಂದುಕೊರತೆ ಅಧಿಕಾರಿಯನ್ನು ಇಡಲೇಬೇಕು. ಜೊತೆಗೆ ಮುಖ್ಯ ಅನುಪಾಲನಾ ಅಧಿಕಾರಿ ಅಂತ ಒಬ್ಬರು, ಪೊಲೀಸರ ಜೊತೆ ಮಾತಾಡಲು ದಿನದ 24 ಗಂಟೆ ಸಿಗುವ ನೋಡಲ್ ವ್ಯಕ್ತಿ ಒಬ್ಬರು. ಭಾರತದ ಒಂದು ಅಂಚೆ ವಿಳಾಸವನ್ನೂ ತೋರಿಸಬೇಕು. ಅದಕ್ಕಿಂತ ಚಿಕ್ಕ ಕಂಪನಿಗೂ ಕುಂದುಕೊರತೆ ಅಧಿಕಾರಿ ತಪ್ಪುವುದಿಲ್ಲ.

ಅಧಿಕಾರಿಯ ಹೆಸರು, ವಿಳಾಸ ಎದ್ದು ಕಾಣುವಂತೆ ಹಾಕಬೇಕು ಅಂತ ನಿಯಮ ಇದೆ. ಆದರೆ ಆ ರಾತ್ರಿ ನಾನು ಹುಡುಕಿದಾಗ ಸೆಟ್ಟಿಂಗ್ಸ್, ಸಹಾಯ, ನಿಯಮಗಳು, ಕಾನೂನು ಅಂತ ಆರು ಕಡೆ ಒತ್ತಿದ ಮೇಲೆ, ಪುಟದ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ ಸಿಕ್ಕಿತು. ರಿಪೋರ್ಟ್ ಬಟನ್ ಪಕ್ಕದಲ್ಲೇ ಈ ಲಿಂಕ್ ಇಟ್ಟರೆ ಎಷ್ಟು ಮನೆಗಳ ನಿದ್ದೆ ಉಳಿಯುತ್ತಿತ್ತು! ಕೋಟ್ಯಂತರ ಜನರ ಬೆರಳು ಎಲ್ಲಿ ನಿಲ್ಲುತ್ತದೆ ಅಂತ ಲೆಕ್ಕ ಇಡುವ ಕಂಪನಿಗಳಿಗೆ ಇದು ಗೊತ್ತಾಗದ ವಿಷಯವಲ್ಲ. ನೀವು ಕಂಪನಿಯ ಹೆಸರಿನ ಜೊತೆ "ಗ್ರೀವೆನ್ಸ್ ಆಫೀಸರ್ ಇಂಡಿಯಾ" ಅಂತ ಹುಡುಕಿ, ಬಂದ ಪುಟ ಕಂಪನಿಯದೇ ಹೌದೋ ಅಲ್ಲವೋ ನೋಡಿಕೊಳ್ಳಿ. ಕಂಪನಿಯ ಸಹಾಯವಾಣಿ ಅಂತ ಸುಳ್ಳು ನಂಬರ್ ಹಾಕಿ ದುಡ್ಡು ಕೀಳುವವರೂ ಇದ್ದಾರೆ. ಯಾರಾದರೂ ಓಟಿಪಿ ಕೇಳಿದರೆ ಅಲ್ಲಿಗೇ ನಿಲ್ಲಿಸಿ.

ಕೆಲವರು ಮೇಲ್ ತೆಗೆದುಕೊಳ್ಳುತ್ತಾರೆ, ಕೆಲವರು ಫಾರಂ ತುಂಬಿ ಅನ್ನುತ್ತಾರೆ. ಫಾರಂ ಆದರೆ ಕಳಿಸುವ ಮೊದಲು ತುಂಬಿದ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ವಿಷಯ ದೊಡ್ಡದಾದರೆ ಅದೇ ಅರ್ಜಿಯನ್ನು ಅಂಚೆ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಫೈಲಿಗೆ ಸೇರಿಸಿ.

ಅರ್ಜಿ ಹೀಗಿರಲಿ

ಅರ್ಜಿಯಲ್ಲಿ ಅಳು ಬರೆಯಬಾರದು ಅಂತ ನನಗೆ ಈ ಕೆಲಸ ಕಲಿಸಿದ ಗುರುಗಳು ಹೇಳುತ್ತಿದ್ದರು. ಓದುವವನಿಗೆ ಬೇಕಾದದ್ದು ಮೂರು: ಏನಾಗಿದೆ, ಯಾವ ನಿಯಮ, ಏನು ಮಾಡಬೇಕು. ಅಂದು ರಾತ್ರಿ ಬರೆದ ಅರ್ಜಿಯನ್ನು ಹೆಸರು ತೆಗೆದು, ಗಡುವನ್ನು ಈಗಿನದಕ್ಕೆ ತಿದ್ದಿ ಇಲ್ಲಿ ಹಾಕುತ್ತಿದ್ದೇನೆ.

"ಇವರಿಗೆ, ಕುಂದುಕೊರತೆ ಅಧಿಕಾರಿಗಳು.

ವಿಷಯ: ನನ್ನ ತಂಗಿ ಮಗಳ ಸೋಗು ಹಾಕಿದ ನಕಲಿ ಖಾತೆ ತೆಗೆಯುವ ಬಗ್ಗೆ. 2021ರ ಐಟಿ ನಿಯಮಗಳು, ನಿಯಮ 3(2)(ಬಿ).

ಮಾನ್ಯರೇ, ಈ ಕೆಳಗಿನ ಲಿಂಕಿನಲ್ಲಿರುವ ಖಾತೆ ನನ್ನ ತಂಗಿ ಮಗಳದ್ದಲ್ಲ. ಅವಳ ಒಪ್ಪಿಗೆ ಇಲ್ಲದೆ ಅವಳ ಹೆಸರು, ಫೋಟೋ ಮತ್ತು ಮೊಬೈಲ್ ನಂಬರ್ ಬಳಸಲಾಗಿದೆ. ಅವಳ ನಿಜವಾದ ಖಾತೆಯ ಲಿಂಕ್ ಜೊತೆಗಿದೆ. ಅವಳ ಪರವಾಗಿ, ಅವಳ ಒಪ್ಪಿಗೆಯಿಂದ ನಾನು ಈ ದೂರು ಕೊಡುತ್ತಿದ್ದೇನೆ. ಒಪ್ಪಿಗೆ ಪತ್ರ ಲಗತ್ತಿಸಿದೆ.

ನಕಲಿ ಖಾತೆಯ ಲಿಂಕ್. ಮೂರು ಪೋಸ್ಟುಗಳ ಲಿಂಕ್. ಮೊದಲು ಕಂಡ ದಿನ ಮತ್ತು ಗಂಟೆ. ಈ ಹಿಂದೆ ಒತ್ತಿದ ರಿಪೋರ್ಟ್‌ಗೆ ಬಂದ ಉತ್ತರದ ಪ್ರತಿ.

ಕೋರಿಕೆ: ಒಂದು, ನಿಯಮ ಹೇಳಿದ 2 ಗಂಟೆಯೊಳಗೆ ಈ ಖಾತೆ ತೆಗೆಯಿರಿ. ಎರಡು, ಈ ದೂರಿಗೆ ಟಿಕೆಟ್ ಸಂಖ್ಯೆ ಕೊಡಿ. ಮೂರು, ತೆಗೆಯಲು ಆಗದಿದ್ದರೆ ಕಾರಣವನ್ನು ಬರಹದಲ್ಲಿ ತಿಳಿಸಿ. ನಾಲ್ಕು, ಪೊಲೀಸ್ ತನಿಖೆಗಾಗಿ ಈ ಖಾತೆಯ ದಾಖಲೆಗಳನ್ನು ಕಾಯ್ದಿಡಿ."

ಅಷ್ಟೇ. ಒಂದು ಪುಟ ದಾಟಲಿಲ್ಲ. ಟಿಕೆಟ್ ಸಂಖ್ಯೆ ಮತ್ತು ಕಾರಣ ಕೇಳಿದ್ದು ಸುಮ್ನೆ ಅಲ್ಲ. ದೊಡ್ಡ ಕಂಪನಿಗಳು ಪ್ರತಿ ದೂರಿಗೂ ಸಂಖ್ಯೆ ಕೊಡಬೇಕು, ಆದಷ್ಟು ಮಟ್ಟಿಗೆ ಕಾರಣ ಹೇಳಬೇಕು ಅಂತ ನಿಯಮ 4ರಲ್ಲೇ ಇದೆ. ಇಂಗ್ಲಿಷ್ ಪ್ರತಿಯನ್ನೂ ಜೊತೆಗೆ ಕಳಿಸಿದರೆ ಕೆಲಸ ಬೇಗ ಆಗುತ್ತದೆ, ಇದು ನನ್ನ ಅನುಭವ. ಆದರೆ ಕಂಪನಿಯ ನಿಯಮ, ಖಾಸಗಿತನದ ನೀತಿ, ಬಳಕೆದಾರರ ಒಪ್ಪಂದ, ಇವನ್ನು ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲಿ, ನಾವು ಆರಿಸಿದ ಭಾಷೆಯಲ್ಲಿ ತಿಳಿಸಬೇಕು ಅಂತ 2022ರ ಅಕ್ಟೋಬರ್ 28ರ ತಿದ್ದುಪಡಿ ಹೇಳಿದೆ. ಕನ್ನಡ ಆ ಪಟ್ಟಿಯಲ್ಲಿದೆ. ಕನ್ನಡದಲ್ಲಿ ಕೊಡಿ ಅಂತ ಕೇಳಿ. ಕೇಳುವವರು ಇಲ್ಲದಿದ್ದರೆ ಅದು ಕಾಗದದ ಮೇಲೇ ಉಳಿಯುತ್ತದೆ.

ಎಲ್ಲಾ ಅರ್ಜಿಯನ್ನೂ ನಾನು ಬರೆದುಕೊಡುವುದಿಲ್ಲ. ಒಬ್ಬರು ಅಂಗಡಿಯವರು ಬಂದಿದ್ದರು, ಗಿರಾಕಿಯೊಬ್ಬ ಕೆಟ್ಟ ರಿವ್ಯೂ ಬರೆದಿದ್ದಾನೆ, ತೆಗೆಸಿ ಅಂತ. ಓದಿದೆ. ಬರೆದದ್ದು ಕಹಿಯಾಗಿತ್ತು, ಆದರೆ ಸುಳ್ಳಿರಲಿಲ್ಲ. ವಾಪಸ್ ಕಳಿಸಿದೆ. ಯಾರಿಗೋ ಕಿರಿಕಿರಿ ಆಯಿತು ಅಂತ ಜೈಲಿಗೆ ಹಾಕುತ್ತಿದ್ದ ಐಟಿ ಕಾಯ್ದೆಯ ಸೆಕ್ಷನ್ 66ಎ ಅನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ತೆಗೆದುಹಾಕಿತು. ಯಾರೋ ಖಾಸಗಿ ವ್ಯಕ್ತಿ ಕೇಳಿದ ಮಾತ್ರಕ್ಕೆ ಕಂಪನಿ ತಾನೇ ನ್ಯಾಯಾಧೀಶನಾಗಿ ಎಲ್ಲವನ್ನೂ ಅಳಿಸುತ್ತಾ ಹೋಗಬೇಕಿಲ್ಲ, ಸೆಕ್ಷನ್ 79ರಡಿ ಅದಕ್ಕೆ ಕೋರ್ಟ್ ಅಥವಾ ಸರ್ಕಾರದ ಆದೇಶ ಬೇಕು ಅಂತಲೂ ಅದೇ ತೀರ್ಪು ಹೇಳಿತು. ನಮ್ಮನ್ನು ಕಾಪಾಡುವ ನಿಯಮದಿಂದ ಇನ್ನೊಬ್ಬರ ಬಾಯಿ ಮುಚ್ಚಿಸಬಾರದು.

ನಿಮ್ಮದೇ ಖಾತೆ ಬಂದ್ ಆದರೆ

ಸರ್ಕಾರ ಅಥವಾ ಕೋರ್ಟ್ ತೆಗೆಯಿರಿ ಅಂದರೆ ಮೊದಲು 36 ಗಂಟೆ ಇತ್ತು, 2026ರ ತಿದ್ದುಪಡಿ ಆದ ಮೇಲೆ 3 ಗಂಟೆ. ಇಷ್ಟು ಅವಸರದಲ್ಲಿ ತಪ್ಪು ಮಾಡದವರ ಖಾತೆಯೂ ಜಾಸ್ತಿ ಜಾಸ್ತಿ ಬಂದ್ ಆಗುತ್ತದೆ ಅನ್ನುವುದು ನನ್ನ ಭಯ. ಹಾಗಾಗಿ ಈ ದಾರಿಯೂ ಗೊತ್ತಿರಲಿ.

ದೊಡ್ಡ ಕಂಪನಿ ತಾನಾಗಿಯೇ ಏನನ್ನಾದರೂ ತೆಗೆದರೆ, ಹಾಕಿದವರಿಗೆ ಕಾರಣ ತಿಳಿಸಬೇಕು, ತಕರಾರು ಹೇಳಲು ಅವಕಾಶ ಕೊಡಬೇಕು. ಇದು ನಿಯಮ 4(8). ಸಂವಿಧಾನದ 14, 19, 21ನೇ ವಿಧಿಗಳಲ್ಲಿ ಇರುವ ನಮ್ಮ ಹಕ್ಕುಗಳನ್ನು ಗೌರವಿಸಬೇಕು ಅಂತ ನಿಯಮ 3ರಲ್ಲಿದೆ. ಎರಡನ್ನೂ ಅರ್ಜಿಯಲ್ಲಿ ಹೆಸರಿಸಿ.

ನಮ್ಮ ಬೀದಿಯ ಟೈಲರ್ ಒಬ್ಬರ ಪೇಜ್ 2024ರಲ್ಲಿ ಬಂದ್ ಆಯಿತು. ಏಳು ವರ್ಷ ಕೂತು ಹಾಕಿದ ಬ್ಲೌಸ್ ಡಿಸೈನ್‌ಗಳು, ಗಿರಾಕಿಗಳ ಸಂಪರ್ಕ ಎಲ್ಲಾ ಅದರಲ್ಲೇ. ಅಧಿಕಾರಿಗೆ ಬರೆದೆವು. "ನಮ್ಮ ನಿಯಮ ಮೀರಿದ್ದೀರಿ" ಅಂತ ಉತ್ತರ. ಯಾವ ನಿಯಮ, ಯಾವ ಪೋಸ್ಟ್? ಹೇಳಲಿಲ್ಲ. ಆಗ ಮೇಲ್ಮನವಿ ಹಾಕಿದೆವು.

ಮೇಲ್ಮನವಿ ಹೋಗುವುದು ಕೇಂದ್ರ ಸರ್ಕಾರ ನೇಮಿಸಿದ ಕುಂದುಕೊರತೆ ಮೇಲ್ಮನವಿ ಸಮಿತಿಗೆ. ಇಂಗ್ಲಿಷ್ ಅಕ್ಷರಗಳಲ್ಲಿ ಜಿಎಸಿ ಅನ್ನುತ್ತಾರೆ. 2023ರ ಜನವರಿಯಲ್ಲಿ ಇಂಥ ಮೂರು ಸಮಿತಿ ಆದವು. ಒಬ್ಬ ಅಧ್ಯಕ್ಷರು, ಇಬ್ಬರು ಸದಸ್ಯರು. ಅಧಿಕಾರಿಯ ಉತ್ತರ ಕೈಗೆ ಸಿಕ್ಕ 30 ದಿನದೊಳಗೆ ಹಾಕಬೇಕು. ಸಮಿತಿ 30 ದಿನದೊಳಗೆ ತೀರ್ಮಾನಿಸಲು ಪ್ರಯತ್ನಿಸಬೇಕು. ಎಲ್ಲಾ ಆನ್‌ಲೈನ್, ದೆಹಲಿಗೆ ಹೋಗಬೇಕಿಲ್ಲ. ಜಿಎಸಿ ಡಾಟ್ ಗವ್ ಡಾಟ್ ಇನ್ ಅನ್ನುವ ಪೋರ್ಟಲ್‌ನಲ್ಲಿ ಕೂತಲ್ಲಿಂದಲೇ ಹಾಕಬಹುದು. ಸಮಿತಿಯ ಆದೇಶವನ್ನು ಕಂಪನಿ ಪಾಲಿಸಬೇಕು, ಪಾಲಿಸಿದ ವರದಿಯನ್ನು ತನ್ನ ವೆಬ್‌ಸೈಟಿನಲ್ಲಿ ಹಾಕಬೇಕು.

ಮೇಲ್ಮನವಿಯಲ್ಲಿ ಹೊಸ ಕಥೆ ಶುರು ಮಾಡಬೇಡಿ. ಮೊದಲ ದೂರು, ಅದರ ಟಿಕೆಟ್ ಸಂಖ್ಯೆ, ಕಂಪನಿಯ ಉತ್ತರ, ಆ ಉತ್ತರದಲ್ಲಿ ಏನು ತಪ್ಪು, ಈ ನಾಲ್ಕು ಸಾಕು. ನಾವು ಬರೆದದ್ದು ಒಂದೇ ವಾದ: ಯಾವ ಪೋಸ್ಟ್ ಅಂತ ಹೇಳದೆ ಬಂದ್ ಮಾಡಿದರೆ ತಕರಾರು ಹೇಳುವ ಅವಕಾಶ ಕೊಟ್ಟ ಹಾಗೆ ಆಗಲಿಲ್ಲ. ಪೇಜ್ ವಾಪಸ್ ಬಂತು. ಆ ಅಕ್ಕ ಅವತ್ತು ಮೊದಲು ಮಾಡಿದ ಕೆಲಸ ಏನು ಗೊತ್ತಾ? ನನ್ನ ಮಾತು ಕೇಳಿ, ಸೆಟ್ಟಿಂಗ್ಸ್‌ಗೆ ಹೋಗಿ "ನಿಮ್ಮ ಮಾಹಿತಿ ಡೌನ್‌ಲೋಡ್ ಮಾಡಿ" ಒತ್ತಿ, ಏಳು ವರ್ಷದ ಡಿಸೈನ್‌ಗಳನ್ನು ಪೆನ್ ಡ್ರೈವ್‌ಗೆ ಇಳಿಸಿಕೊಂಡರು. ನೀವು ಇವತ್ತೇ ಮಾಡಿ, ಬಂದ್ ಆಗುವವರೆಗೆ ಕಾಯಬೇಡಿ.

ಖಾಸಗಿ ಚಿತ್ರ ಹರಡುತ್ತಿದ್ದರೆ

ಇಲ್ಲಿ ಅಧಿಕಾರಿಗೆ ಬರೆಯುವ ಹೊತ್ತಿಗೇ ಇನ್ನೊಂದು ಕೆಲಸವೂ ಆಗಲಿ. ಸ್ಟಾಪ್ ಎನ್‌ಸಿಐಐ ಅಂತ ಒಂದು ಉಚಿತ ಸೇವೆ ಇದೆ, 18 ತುಂಬಿದವರಿಗೆ. ಅದಕ್ಕೆ ಫೋಟೋ ಕಳಿಸಬೇಕಿಲ್ಲ. ಅದು ನಿಮ್ಮ ಫೋನಿನಲ್ಲೇ ಆ ಫೋಟೋದಿಂದ ಹ್ಯಾಶ್ ಅನ್ನುವ ಅಂಕಿ-ಅಕ್ಷರದ ಒಂದು ಗುರುತು ಮಾಡುತ್ತದೆ. ಅದು ಹೆಬ್ಬೆಟ್ಟಿನ ಗುರುತಿನ ಹಾಗೆ. ಗುರುತು ನೋಡಿ ಮುಖ ಬಿಡಿಸಲು ಆಗುವುದಿಲ್ಲ, ಆದರೆ ಅದೇ ಹೆಬ್ಬೆಟ್ಟು ಮತ್ತೆ ಬಂದರೆ ಗೊತ್ತಾಗುತ್ತದೆ. ಆ ಗುರುತು ಮಾತ್ರ ಈ ಸೇವೆಯಲ್ಲಿ ಸೇರಿರುವ ಕಂಪನಿಗಳಿಗೆ ಹೋಗುತ್ತದೆ. ಯಾರಾದರೂ ಆ ಫೋಟೋ ಹಾಕಲು ಹೋದರೆ ಅವು ಹಿಡಿಯಬಹುದು. ಫೋಟೋ ನಿಮ್ಮ ಫೋನ್ ಬಿಟ್ಟು ಹೋಗುವುದಿಲ್ಲ. 18ರ ಒಳಗಿನವರಿಗೆ ಟೇಕ್ ಇಟ್ ಡೌನ್ ಅನ್ನುವ ಸೇವೆ ಇದೇ ಕೆಲಸ ಮಾಡುತ್ತದೆ.

ದುಡ್ಡು ಹೋಗಿದ್ದರೆ ಅಧಿಕಾರಿ, ಅರ್ಜಿ ಎಲ್ಲಾ ಆಮೇಲೆ. ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಖಾತೆ ತೆಗೆದ ಮೇಲೂ ಫೈಲ್ ಮುಚ್ಚಬೇಡಿ

ಖಾತೆ ಮಾಯವಾದ ಸಂಜೆ ನನ್ನ ತಂಗಿ "ಸಾಕು ಬಿಡು ಅಕ್ಕ, ಪೊಲೀಸ್ ಅಂತ ಎಲ್ಲಿ ಓಡಾಡೋದು" ಅಂದಳು. ನಾನು ಒಪ್ಪಲಿಲ್ಲ. ಕಂಪನಿ ತೆಗೆದ ಮಾಹಿತಿಯನ್ನೂ, ಸಂಬಂಧಪಟ್ಟ ದಾಖಲೆಗಳನ್ನೂ ತನಿಖೆಗಾಗಿ 180 ದಿನ ಕಾಯ್ದಿಡಬೇಕು ಅಂತ ನಿಯಮ 3ರಲ್ಲಿದೆ. ಆಮೇಲೆ ಅಳಿಸಿದರೆ ಕೇಳುವ ಹಾಗಿಲ್ಲ. ಯಾರು, ಯಾವ ನಂಬರಿನಿಂದ ಆ ಖಾತೆ ತೆರೆದರು ಅನ್ನುವುದನ್ನು ಕಂಪನಿ ನಮಗೆ ಹೇಳುವುದಿಲ್ಲ, ಪೊಲೀಸರು ಕೇಳಿದರೆ ಹೇಳಬೇಕು. ಹಾಗಾಗಿ ನಾವು ಓಡಬೇಕಾದದ್ದು ಆ 180 ದಿನದ ಒಳಗೆ.

ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಪೋರ್ಟಲ್‌ನಲ್ಲಿ ದೂರು ದಾಖಲಿಸಿದೆವು. ಹೆಸರು, ಫೋಟೋ ಕದ್ದದ್ದಕ್ಕೆ ಐಟಿ ಕಾಯ್ದೆಯ ಸೆಕ್ಷನ್ 66ಸಿ, ಸೋಗು ಹಾಕಿ ಮೋಸ ಮಾಡಿದ್ದಕ್ಕೆ 66ಡಿ. ಎರಡಕ್ಕೂ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ. ದೂರಿನ ಪ್ರತಿ, ಕಂಪನಿಯ ಟಿಕೆಟ್ ಸಂಖ್ಯೆ, ಸ್ಕ್ರೀನ್‌ಶಾಟ್‌ಗಳ ಪ್ರಿಂಟ್ ಹಿಡಿದು ಮಾರನೇ ದಿನ ಠಾಣೆಗೆ ಹೋದೆವು. ಪೇದೆಯೊಬ್ಬರು ಫೈಲ್ ತಿರುವಿ, "ಲಿಂಕ್ ಎಲ್ಲಾ ಇದೆಯಲ್ಲಮ್ಮ, ಇಷ್ಟು ಯಾರೂ ತರಲ್ಲ" ಅಂದರು. ಹುಡುಗಿ ಸಹಿ ಮಾಡಿದಳು. ವಾಪಸ್ ಬರುವಾಗ ಕಾಲೇಜಿನ ಹತ್ತಿರ ಇಳಿಸಿ ದೊಡ್ಡಮ್ಮ, ಮಧ್ಯಾಹ್ನ ಪ್ರಾಕ್ಟಿಕಲ್ ಇದೆ ಅಂದಳು.